ಸಪ್ತಾಪುರದಿಂದ ಚುರುಮುರಿ ಭಟ್ಟಿಗೆ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಆರಕ್ಕೇ ಚಹಾದಂಗಡಿಯ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ಒಂದು ಕೈಯಲ್ಲಿ ಗ್ಲಾಸು, ಕಂಕುಳಲ್ಲಿ ನೋಟ್ಸಿನ ಕಟ್ಟು, ಮೊಬೈಲಿನಲ್ಲಿ ಅಂದಿನ ಪ್ರಚಲಿತ ವಿದ್ಯಮಾನ. ಲೈಟಿನ ಕಂಬಕ್ಕೆ, ಕಂಪೌಂಡಿಗೆ, ಖಾನಾವಳಿಯ ಬಾಗಿಲಿಗೆ ಕೋಚಿಂಗಿನ ಪೋಸ್ಟರು: ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ, ಬ್ಯಾಂಕಿಂಗ್. ಕವಿಗಳ ಊರು, ಗವಾಯಿಗಳ ಊರು ಅನ್ನಿಸಿಕೊಂಡ ಧಾರವಾಡದಲ್ಲಿ ಈಗ ರೂಮು ಕೇಳಿಕೊಂಡು ಹೋದರೆ ಮಾಲೀಕರ ಮೊದಲ ಪ್ರಶ್ನೆ, "ಯಾವ ಎಕ್ಸಾಮಿಗೆ ಓದಾಕತ್ತೀರಿ?"

ನನ್ನ ಅಕ್ಕನ ಮಗ ಈ ಪ್ರಶ್ನೆಗೆ ನಾಲ್ಕು ವರ್ಷದಲ್ಲಿ ಮೂರು ಉತ್ತರ ಕೊಟ್ಟವನು. ನವಲಗುಂದ ಸೀಮೆಯ ಎರೆಹೊಲದ ಮನೆತನ. ಬಿ.ಕಾಂ. ಮುಗಿಸಿ 2019ರಲ್ಲಿ ಬಂದು ರೂಮು ಹಿಡಿದ. ಮೊದಲು ಪಿಎಸ್‌ಐ ಅಂದ, ಆಮೇಲೆ ಎಫ್‌ಡಿಎ ಅಂದ, ಕಡೆಗೆ ಬ್ಯಾಂಕು ಅಂದ.

"ಬ್ಯಾಂಕೇ ಯಾಕಪಾ?" ಎಂದು ಕೇಳಿದೆ.

"ಯಾವುದಾದ್ರೂ ಒಂದ್ ಆಗ್ಲಿ ಮಾಮಾ, ಆರ್ಡರ್ ಕಾಪಿ ಕೈಗೆ ಬಂದ್ರ ಸಾಕು."

ಈ ಮಾತು ಕೇಳಿ ಆಗ ನನಗೆ ಕಸಿವಿಸಿಯಾಗಿತ್ತು. ಜೀವನಪೂರ್ತಿ ಮಾಡುವ ಕೆಲಸವನ್ನು ಸಂತೆಯಲ್ಲಿ ಉಳಿದ ಕಾಯಿಪಲ್ಲೆಯ ಹಾಗೆ ಆರಿಸಿಕೊಳ್ಳುವುದೇ? ಗ್ರಾಮೀಣ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ನಮ್ಮ ಕಾಕಾ ಮಾತ್ರ ನಕ್ಕುಬಿಟ್ಟರು. "ನಾವೇನ್ ಬ್ಯಾಂಕಿನ ಮ್ಯಾಲೆ ಪ್ರೀತಿ ಉಕ್ಕಿ ಬಂದಿದ್ವೇನು? ಒಳಗ ಬಂದ ಮ್ಯಾಲೆ ಗೊತ್ತಾಗ್ತದ ತಗೋ" ಅಂದರು. ಅವರ ಮಾತಿನ ಅರ್ಥ ನನಗೆ ಹತ್ತಿದ್ದು ಬಹಳ ತಡವಾಗಿ.

ಹುಡುಗರು ಬ್ಯಾಂಕಿನ ಕಡೆ ಹೊರಳುವುದಕ್ಕೆ ದೊಡ್ಡ ಕಾರಣ ಸಂಬಳಕ್ಕಿಂತ ಕ್ಯಾಲೆಂಡರು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ 2024ರ ಆಗಸ್ಟಿನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೊಮ್ಮೆ ಬರೆಯಬೇಕಾಯಿತು. ರೂಮಿನ ಬಾಡಿಗೆ, ಖಾನಾವಳಿಯ ತಿಂಗಳ ಪಾಸು ಇದ್ಯಾವುದಕ್ಕೂ ಕಾಯುವುದಿಲ್ಲ. ಬ್ಯಾಂಕುಗಳ ನೇಮಕಾತಿ ನೋಡಿಕೊಳ್ಳುವ ಐಬಿಪಿಎಸ್ ಪ್ರತಿ ವರ್ಷದ ಆರಂಭದಲ್ಲೇ ಇಡೀ ವರ್ಷದ ಪರೀಕ್ಷೆಗಳ ತಾರೀಖು ಪ್ರಕಟಿಸುತ್ತದೆ, ಹೆಚ್ಚುಕಡಿಮೆ ಅದೇ ತಾರೀಖಿಗೆ ನಡೆಸುತ್ತದೆ. ಪಿಎಸ್‌ಐ ಹುಡುಗರ ಮೊದಲ ಪರೀಕ್ಷೆಗೂ ಮರುಪರೀಕ್ಷೆಗೂ ನಡುವಿನ ಎರಡೂಕಾಲು ವರ್ಷದಲ್ಲಿ ಅದು ಎರಡು ಸುತ್ತಿನ ಆಯ್ಕೆಯನ್ನು ಮುಗಿಸಿತ್ತು. ಹೊಲದವರ ಮಗನಿಗೆ ಇಂಥ ಹದ ತಪ್ಪದ ಕ್ಯಾಲೆಂಡರಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆಯ ವಿಷಯ ಬಲ್ಲವರಿಗೆ ಹಳತು, ಚುಟುಕಾಗಿ ಹೇಳುತ್ತೇನೆ. ಹಿಂದೆ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳಿದ್ದವು, 2001ರಲ್ಲಿ ಅವನ್ನು ಮುಚ್ಚಿದರು. ಒಂದು ದಶಕ ಒಂದೊಂದು ಬ್ಯಾಂಕೂ ಒಂದೊಂದು ಪರೀಕ್ಷೆ ನಡೆಸಿತು. 2011ರಿಂದ ಸ್ಟೇಟ್ ಬ್ಯಾಂಕ್ ಬಳಗವನ್ನು ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆಲ್ಲ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ. ಪ್ರೊಬೇಷನರಿ ಆಫೀಸರ್, ಅಂದರೆ ಪಿಒ ಆಗಲು ಯಾವುದೇ ಪದವಿ ಸಾಕು, ವಯಸ್ಸು 20ರಿಂದ 30. ಪ್ರಿಲಿಮ್ಸ್‌ನಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಇಂಗ್ಲಿಷು, ಗಣಿತ, ತರ್ಕ ಮೂರಕ್ಕೂ ಇಪ್ಪತ್ತಿಪ್ಪತ್ತು ನಿಮಿಷ, ತಪ್ಪಿಗೆ ಕಾಲು ಅಂಕ ಕಟ್. ಆಮೇಲೆ ಮೇನ್ಸ್, ಸಂದರ್ಶನ. ಕೊನೆಯ ಪಟ್ಟಿಯಲ್ಲಿ ಮೇನ್ಸಿಗೆ 80, ಸಂದರ್ಶನಕ್ಕೆ 20ರ ತೂಕ.

ನಮ್ಮ ಹುಡುಗರು ಎಡವುವ ಒಂದು ಕಲ್ಲು ಮಾತ್ರ ಪಠ್ಯದಲ್ಲಿಲ್ಲ, ಅರ್ಜಿಯಲ್ಲಿದೆ. ರಾಜ್ಯದ 2ಎ, 3ಬಿ ಪ್ರವರ್ಗಗಳು ಇಲ್ಲಿ ಲೆಕ್ಕಕ್ಕಿಲ್ಲ. ಜಾತಿಯ ಹೆಸರು ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಕುಟುಂಬ ಕೆನೆಪದರದಲ್ಲಿರಬಾರದು, ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ತರಬೇಕು. ಊರಲ್ಲಿ 3ಬಿ ಅಂತ ಬೆಳೆದವನಿಗೆ ದಾಖಲೆ ಪರಿಶೀಲನೆಯ ದಿನ ತಾನು ಸಾಮಾನ್ಯ ವರ್ಗದವನು ಎಂದು ಗೊತ್ತಾದರೆ ಆಗುವ ಫಜೀತಿ ನೋಡಬಾರದು.

ಇನ್ನೊಂದು ಕಲ್ಲು ಭಾಷೆಯದು. ಪಿಒ ಪರೀಕ್ಷೆ ಇಂದಿಗೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಇರುತ್ತದೆಂದು 2019ರಲ್ಲಿ ಘೋಷಣೆಯಾಯಿತು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೆ 2021ರಲ್ಲಿ ಅದೇ ನಿಯಮ ಬಂತು. ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಬುದ್ಧಿವಂತರು ಕ್ಲರ್ಕ್ ಅಥವಾ ಗ್ರಾಮೀಣ ಬ್ಯಾಂಕಿನ ಬಾಗಿಲಿನಿಂದ ಒಳಗೆ ಬರುತ್ತಾರೆ. ಇಂಗ್ಲಿಷಿನಲ್ಲಿ ಪರೀಕ್ಷೆ ಗೆದ್ದವರು ಯಾವುದೋ ರಾಜ್ಯದಿಂದ ಬಂದು ಕುಂದಗೋಳದ ರೈತನ ಮುಂದೆ ಕೂರುತ್ತಾರೆ, ಇಬ್ಬರ ನಡುವೆ ಜವಾನ ದುಭಾಷಿ. ಇದು ಯಾರ ತಪ್ಪೂ ಅಲ್ಲ ಎಂದು ಮೇಲಿನವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಾಲ ಕೊಡುವವನಿಗೆ ಸಾಲ ಕೇಳುವವನ ಮಾತು ತಿಳಿಯಬೇಕೆನ್ನುವುದು ಭಾಷಾಭಿಮಾನದ ಮಾತಲ್ಲ, ವ್ಯವಹಾರದ್ದು. ಬ್ಯಾಂಕುಗಳಿಗೂ ಇದು ಈಚೆಗೆ ಅರ್ಥವಾದಂತಿದೆ. ಸ್ಟೇಟ್ ಬ್ಯಾಂಕಿನ ಸರ್ಕಲ್ ಬೇಸ್ಡ್ ಆಫೀಸರ್, ಬೇರೆ ಬ್ಯಾಂಕುಗಳ ಲೋಕಲ್ ಬ್ಯಾಂಕ್ ಆಫೀಸರ್ ಹುದ್ದೆಗಳಿಗೆ ಸ್ಥಳೀಯ ಭಾಷೆ ಬಂದೇ ಬರಬೇಕು. ಯೂನಿಯನ್ ಬ್ಯಾಂಕು 2024ರಲ್ಲಿ ಕರೆದ ಇಂಥ 1500 ಹುದ್ದೆಗಳಲ್ಲಿ 300 ಕರ್ನಾಟಕಕ್ಕಿದ್ದವು.

ಸ್ಥಳೀಯರೇ ಬೇಕು ಎಂಬ ಈ ಯೋಚನೆ ಹೊಸದೇನಲ್ಲ, ಕಾಕಾ ಕೆಲಸಕ್ಕೆ ಸೇರಿದ್ದೇ ಅದರಿಂದ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ಶುರುವಾದಾಗ ಲೆಕ್ಕಾಚಾರ ಸರಳವಾಗಿತ್ತು. ಹಳ್ಳಿಯ ಮಾತು ಬಲ್ಲ, ಹಳ್ಳಿಯಲ್ಲಿ ಇರಲು ಬೇಸರಪಡದ ಹುಡುಗರನ್ನು ತೆಗೆದುಕೊಳ್ಳುವುದು, ರಾಜ್ಯ ಸರ್ಕಾರಿ ನೌಕರರ ಮಟ್ಟದ ಸಂಬಳ ಕೊಡುವುದು. ಬಂಡವಾಳದಲ್ಲಿ ಕೇಂದ್ರದ್ದು 50, ಪ್ರಾಯೋಜಕ ಬ್ಯಾಂಕಿನದು 35, ರಾಜ್ಯದ್ದು 15 ಪಾಲು. ಆ ದಶಕದಲ್ಲೇ ಸಿಂಡಿಕೇಟ್ ಬ್ಯಾಂಕಿನ ಆಸರೆಯಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಕಾಕಾನಿಗೆ ಸಿಕ್ಕ ತರಬೇತಿ ಅಂದರೆ ಕೆಲವು ದಿನದ ಕ್ಲಾಸು, ಒಂದು ಲೆಡ್ಜರು, ಒಂದು ಸೈಕಲ್ಲು. ಊರೂರು ತಿರುಗಿ ಖಾತೆ ತೆರೆಸುವುದು, ಸುಗ್ಗಿಯಾದ ವಾರದಲ್ಲೇ ವಸೂಲಿಗೆ ಹೋಗುವುದು. ಪಕ್ಕದ ವಾಣಿಜ್ಯ ಬ್ಯಾಂಕಿನವನ ಸಂಬಳ ನೋಡಿ ಹೊಟ್ಟೆ ಉರಿಯುತ್ತಿತ್ತು ಎಂದು ಈಗಲೂ ನೆನೆಯುತ್ತಾರೆ. ಆ ಉರಿ ತಣ್ಣಗಾದದ್ದು 1990ರಲ್ಲಿ, ಓಬುಲ್ ರೆಡ್ಡಿ ನ್ಯಾಯಮಂಡಳಿ ಗ್ರಾಮೀಣ ಬ್ಯಾಂಕಿನವರಿಗೂ ವಾಣಿಜ್ಯ ಬ್ಯಾಂಕಿನ ಸಮ ವೇತನ ಕೊಡಬೇಕೆಂದು ತೀರ್ಪಿತ್ತು, 1987ರ ಸೆಪ್ಟೆಂಬರಿನಿಂದಲೇ ಅನ್ವಯ ಎಂದಾಗ.

2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ನಾಲ್ಕೂ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು, ಮುಖ್ಯ ಕಚೇರಿ ಧಾರವಾಡದಲ್ಲೇ ಉಳಿಯಿತು. 2025ರ ಮೇ 1ರಿಂದ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬ ನೀತಿಯಡಿ ಅದೂ ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗಿ ಮುಖ್ಯ ಕಚೇರಿ ಬಳ್ಳಾರಿಗೆ ಹೋಯಿತು. ಸಿಂಡಿಕೇಟ್ ಬ್ಯಾಂಕಿನ ಹೆಸರು ಅದಕ್ಕೂ ಮೊದಲೇ, 2020ರ ಏಪ್ರಿಲ್ 1ರಂದು, ಕೆನರಾ ಬ್ಯಾಂಕಿನಲ್ಲಿ ಕರಗಿತ್ತು. "ನಾನು ಒಂದೇ ಕುರ್ಚಿ ಮ್ಯಾಲೆ ಕುಂತಿದ್ದೆ, ಬೋರ್ಡ್ ಅಷ್ಟ ಬದಲಾದ್ವು" ಎಂದು ಕಾಕಾ ನಗುತ್ತಾರೆ. ಧಾರವಾಡಕ್ಕೆ ಮಾತ್ರ ಇದು ನಗುವ ವಿಷಯವಲ್ಲ, ಮನೆಯ ಮುಂದಿದ್ದ ಒಂದು ಹೆಡ್ಡಾಫೀಸು ಹೋಯಿತು.

ಅಳಿಯನ ವಿಷಯಕ್ಕೆ ಬರುತ್ತೇನೆ. ಸಪ್ತಾಪುರದಲ್ಲಿ ಅವನು ಕಲಿತದ್ದು ದುಂಡುಮೇಜಿನ ಸುತ್ತ ಕುಳಿತ ಎಂಟು ಮಂದಿಯಲ್ಲಿ ಯಾರ ಎಡಕ್ಕೆ ಯಾರು ಎಂದು ನಲವತ್ತು ಸೆಕೆಂಡಿನಲ್ಲಿ ಹೇಳುವುದನ್ನು. ಅದನ್ನು ಕೋಚಿಂಗಿನವರು ಬಹಳ ಚೆನ್ನಾಗಿಯೇ ಕಲಿಸಿದರು. ಬ್ಯಾಂಕಿನೊಳಗೆ ದಿನವಿಡೀ ಏನು ನಡೆಯುತ್ತದೆ ಎನ್ನುವುದನ್ನು ಯಾರೂ ಕಲಿಸಲಿಲ್ಲ, ಇವನೂ ಕೇಳಲಿಲ್ಲ. ಎರಡನೇ ಸಲಕ್ಕೆ ಪಾಸಾಗಿ 2024ರಲ್ಲಿ ಒಂದು ಸರ್ಕಾರಿ ಬ್ಯಾಂಕಿಗೆ ಸೇರಿದ. ಆ ವರ್ಷದ ಮಾರ್ಚ್ 8ರಂದು ಸಹಿಯಾದ ವೇತನ ಒಪ್ಪಂದದ ಪ್ರಕಾರ ಹೊಸ ಆಫೀಸರ ಮೂಲವೇತನ 48,480 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ. ಊರಲ್ಲಿ ಧಾರವಾಡ ಪೇಡೆ ಹಂಚಿದ್ದಾಯಿತು.

ಆಮೇಲೆ ಶುರುವಾದದ್ದೇ ನಿಜವಾದ ಪರೀಕ್ಷೆಯೆಂದು ಅವನ ಅಭಿಪ್ರಾಯ. ಪಿಒಗೆ ಸಾಮಾನ್ಯವಾಗಿ ಎರಡು ವರ್ಷದ ಪ್ರೊಬೇಷನ್. ಮೊದಲು ಬ್ಯಾಂಕಿನ ತರಬೇತಿ ಕಾಲೇಜಿನಲ್ಲಿ ಪಾಠ, ಆಮೇಲೆ ಶಾಖೆಯಲ್ಲಿ ಒಂದೊಂದು ಮೇಜಿಗೂ ಕೆಲವು ವಾರ: ಕ್ಯಾಶು, ಖಾತೆ ತೆರೆಯುವುದು, ಕ್ಲಿಯರಿಂಗು, ಚಿನ್ನದ ಸಾಲ, ಬೆಳೆಸಾಲ, ಸಣ್ಣ ಉದ್ದಿಮೆಯ ಸಾಲ, ವಸೂಲಿ. ಈ ಸುತ್ತಾಟವನ್ನು ಬಹಳ ಮಂದಿ ಕಾಟಾಚಾರ ಎಂದುಕೊಳ್ಳುತ್ತಾರೆ. ಶಾಖೆಯಲ್ಲಿ ಕೈ ಸಾಲದಿದ್ದರೆ ಟ್ರೈನಿಯನ್ನು ಆರು ತಿಂಗಳು ಪಾಸ್‌ಬುಕ್ ಎಂಟ್ರಿಗೆ ಕೂರಿಸಿಬಿಡುವುದೂ ಉಂಟು. ಸರಿಯಾದ ಮ್ಯಾನೇಜರು ಸಿಕ್ಕವನಿಗೆ ಮಾತ್ರ ಇದೊಂದು ಅಪರೂಪದ ಅವಕಾಶ. ಸಂಬಳ ತೆಗೆದುಕೊಂಡು ಹತ್ತು ಥರದ ಕೆಲಸ ಮಾಡಿ ನೋಡಿ, ತನಗೆ ಯಾವುದು ಒಗ್ಗುತ್ತದೆ ಎಂದು ಹುಡುಕಿಕೊಳ್ಳುವ ಸವಲತ್ತು ಬೇರೆ ಎಷ್ಟು ನೌಕರಿಯಲ್ಲಿದೆ?

ಅವನ ಮೊದಲ ಮೇಜು ಕ್ಯಾಶು. ನೂರು ನೋಟಿಗೆ ಒಂದು ಪ್ಯಾಕೆಟ್ಟು, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್ಲು, ಪಿನ್ನು ಹೊಡೆಯುವಂತಿಲ್ಲ, ಕಾಗದದ ಪಟ್ಟಿ ಸುತ್ತಬೇಕು. ಖೋಟಾ ನೋಟು ಸಿಕ್ಕರೆ ತಂದವನಿಗೆ ವಾಪಸು ಕೊಡುವಂತಿಲ್ಲ, ಮುದ್ರೆ ಒತ್ತಿ ಜಪ್ತಿ ಮಾಡಿ ರಸೀದಿ ಕೊಡಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳಿಗೊಮ್ಮೆ ಪೊಲೀಸರಿಗೆ ಒಟ್ಟು ವರದಿ, ಐದಾದರೆ ಕೂಡಲೇ ದೂರು. ಇವನ ಮೊದಲ ಖೋಟಾ ನೋಟು ತಂದವರು ತರಕಾರಿ ಮಾರುವ ಒಬ್ಬ ಅಜ್ಜಿ, ಐನೂರರ ಒಂದೇ ನೋಟು. "ನಮ್ಮಪ್ಪಾ, ನಂದು ಒಂದಿನದ ದುಡಿಮಿ ಅದು" ಎಂದು ಅಜ್ಜಿ ಕಿಟಕಿ ಹಿಡಿದು ನಿಂತುಬಿಟ್ಟರಂತೆ. ನಿಯಮ ನಿಯಮವೇ. ರಸೀದಿ ಬರೆಯುವಾಗ ಕೈ ನಡುಗಿತು ಎಂದು ಹೇಳಿದ. ಆ ರಾತ್ರಿ ಅವನ ಫೋನು, "ಮಾಮಾ, ಕ್ಯಾಶ್ ನನಗಲ್ಲ."

ಕೀಲಿಕೈಯ ಪಾಠ ಇನ್ನೊಂದು. ಸ್ಟ್ರಾಂಗ್ ರೂಮು ಒಬ್ಬರಿಂದ ತೆರೆಯುವುದಿಲ್ಲ. ಎರಡು ಕೀಲಿಕೈ, ಇಬ್ಬರ ಹತ್ತಿರ. ಒಬ್ಬರು ರಜೆ ಹೋಗಬೇಕಾದರೆ ರಿಜಿಸ್ಟರಿನಲ್ಲಿ ಸಹಿ ಮಾಡಿ ಇನ್ನೊಬ್ಬರಿಗೆ ವಹಿಸಿಯೇ ಹೋಗಬೇಕು. ಕಂಪ್ಯೂಟರಿನಲ್ಲೂ ಇದೇ: ಒಬ್ಬ ಎಂಟ್ರಿ ಹಾಕಿದರೆ ಇನ್ನೊಬ್ಬ ಪಾಸು ಮಾಡಬೇಕು. ಇನ್ನೂ ಒಂದು ಸೊಗಸಾದ ನಿಯಮವಿದೆ. ಸೂಕ್ಷ್ಮ ಜಾಗದಲ್ಲಿರುವ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ ಹತ್ತು ಕೆಲಸದ ದಿನ ಕಡ್ಡಾಯ ರಜೆ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆ. ಮುಚ್ಚಿಟ್ಟದ್ದೇನಾದರೂ ಇದ್ದರೆ ಅವನಿಲ್ಲದಾಗ ಹೊರಬೀಳಲಿ ಎಂದು. ನಮ್ಮ ಅಕ್ಕನಿಗೆ ಅವನು ಇದನ್ನು ವಿವರಿಸಿದಾಗ, "ಹಂಗಾರ ನಿನ್ನ ಮ್ಯಾಲೆ ಅವರಿಗೆ ನಂಬಿಕಿ ಇಲ್ಲೇನು?" ಎಂದು ಅವಳು ಸಿಟ್ಟಾದಳು.

ಬೆಳೆಸಾಲದ ಮೇಜಿನಲ್ಲಿ ಇವನೇ ಮೇಷ್ಟ್ರು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಸಾಲದ ಬೋಜಾ ಕೂಡಿಸುವುದು, ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ, ಹೆಸರು ಕಿತ್ತ ಮೇಲೆ ಕಡಲೆ ಹಾಕುವ ಎರೆಹೊಲಕ್ಕೂ ಕಲಘಟಗಿಯ ಮಳೆ ಸೀಮೆಗೂ ಏನು ಫರಕು, ಇದೆಲ್ಲ ಹುಟ್ಟಿನಿಂದ ಬಲ್ಲವನು. ಕಿಸಾನ್ ಕ್ರೆಡಿಟ್ ಕಾರ್ಡಿನ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದರೆ 3ರ ರಿಯಾಯಿತಿ ಸಿಕ್ಕು ಶೇ 4 ಎಂಬುದನ್ನು ಇವನು ರೈತರಿಗೆ ಧಾರವಾಡದ ಕನ್ನಡದಲ್ಲಿ ಹೇಳುತ್ತಿದ್ದರೆ ಸರತಿ ಬೇಗ ಕರಗುತ್ತಿತ್ತಂತೆ. 2025ರ ಜನವರಿಯಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದಾಗ ಅದನ್ನು ಊರಿನಲ್ಲಿ ಮೊದಲು ಸಾರಿದವನೂ ಇವನೇ. ಆದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. "ಇದು ನಮ್ಮ ಮನಿ ವ್ಯವಹಾರ ಇದ್ದಂಗ ಐತಿ, ಹೊಸಾದೇನಿಲ್ಲ" ಅಂದ. ಎಲ್ಲರೂ ಹೀಗೆ ಅನ್ನುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಅಗ್ರಿ ಹುಡುಗರು ಈ ಮೇಜನ್ನೇ ಗುರಿಯಾಗಿಟ್ಟುಕೊಂಡು ಬರೆಯುವ ಅಗ್ರಿಕಲ್ಚರಲ್ ಫೀಲ್ಡ್ ಆಫೀಸರ್ ಪರೀಕ್ಷೆಯೇ ಬೇರೆ ಇದೆ. ಅವರಿಗೆ ಒಂದು ಉದಾಹರಣೆ: ರಾಯಚೂರಿನಾಚೆಯ ಗದ್ವಾಲ ಸೀಮೆಯಿಂದ ಬಂದು, ಕೃಷಿಯಲ್ಲಿ ಬಿ.ಎಸ್‌ಸಿ. ಮಾಡಿ, 1988ರಲ್ಲಿ ಪಿಒ ಆಗಿ ಸೇರಿದ ಸಿ.ಎಸ್. ಶೆಟ್ಟಿ ಅವರು 2024ರ ಆಗಸ್ಟಿನಲ್ಲಿ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾದರು. 2013ರಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ ಅರುಂಧತಿ ಭಟ್ಟಾಚಾರ್ಯ ಅವರೂ 1977ರ ಪಿಒ, ಓದಿದ್ದು ಇಂಗ್ಲಿಷ್ ಸಾಹಿತ್ಯ.

ನಮ್ಮ ಅಳಿಯನ ದಾರಿ ತೆರೆದದ್ದು ಒಂದು ಚುರುಮುರಿ ಭಟ್ಟಿಯಲ್ಲಿ. ಬ್ಯಾಂಕಿನವರು ಗ್ರಾಹಕರ ವಿಷಯ ಹೊರಗೆ ಆಡುವಂತಿಲ್ಲ. ಅವನು ಹೆಸರು, ಓಣಿ ಹೇಳಲಿಲ್ಲ, ಅಂಕಿಗಳನ್ನು ನಾನೂ ಇಲ್ಲಿ ಅದಲುಬದಲು ಮಾಡಿದ್ದೇನೆ. ಹುಬ್ಬಳ್ಳಿಯ ಒಂದು ಭಟ್ಟಿಯ ಮಾಲೀಕರು ದುಡಿಯುವ ಬಂಡವಾಳಕ್ಕೆಂದು ಹದಿನೈದು ಲಕ್ಷ ಸಾಲ ಕೇಳಿದ್ದರು. ಪರಿಶೀಲನೆಗೆ ಹೊರಟ ಮ್ಯಾನೇಜರು ಇವನನ್ನೂ ಗಾಡಿಗೆ ಹತ್ತಿಸಿಕೊಂಡರು. ಒಳಗೆ ಕಾಲಿಟ್ಟರೆ ಹೊಗೆ, ಕಾದ ಉಸುಕಿನ ವಾಸನೆ, ಬಾಣಲೆಯಲ್ಲಿ ಅಕ್ಕಿ ಚಟಚಟ ಅರಳುವ ಸಪ್ಪಳ. ಮೂಲೆಯಲ್ಲಿ ಉರುವಲಿಗೆ ಭತ್ತದ ಹೊಟ್ಟಿನ ಗುಡ್ಡೆ. ಮಾಲೀಕರ ಬಳಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ, ಮೊಬೈಲಿನಲ್ಲಿ ಫೋನ್‌ಪೇ.

ಬ್ಯಾಂಕಿನ ಲೆಕ್ಕ ಹೀಗೆ. ಸಣ್ಣ ಉದ್ದಿಮೆಗೆ ದುಡಿಯುವ ಬಂಡವಾಳ ಎಷ್ಟು ಬೇಕೆಂದು ಅಳೆಯಲು ನಾಯಕ್ ಸಮಿತಿ ಒಂದು ಸರಳ ಸೂತ್ರ ಕೊಟ್ಟಿದೆ. ಮುಂದಿನ ವರ್ಷದ ಅಂದಾಜು ವಹಿವಾಟಿನ ಕಾಲು ಭಾಗ ಬೇಕಾಗುತ್ತದೆ. ಅದರಲ್ಲಿ ಬ್ಯಾಂಕು ವಹಿವಾಟಿನ ಶೇ 20ರಷ್ಟು ಕೊಡುತ್ತದೆ, ಮಾಲೀಕರು ಶೇ 5 ಹಾಕಬೇಕು. ದಿನಕ್ಕೆ 12 ಸಾವಿರದ ವ್ಯಾಪಾರ, ವರ್ಷಕ್ಕೆ 300 ದಿನ ಎಂದರೆ 36 ಲಕ್ಷ. ಅದರ ಕಾಲು ಭಾಗ 9 ಲಕ್ಷ. ಬ್ಯಾಂಕಿನದು 7 ಲಕ್ಷ 20 ಸಾವಿರ, ಮಾಲೀಕರದು 1 ಲಕ್ಷ 80 ಸಾವಿರ. ಅಳಿಯ ಇದನ್ನು ಬಾಯಲ್ಲೇ ಮಾಡಿ ಮ್ಯಾನೇಜರ ಮುಖ ನೋಡಿದ. ಇಷ್ಟು ಸಪ್ತಾಪುರದ ಹುಡುಗನಿಗೆ ಹತ್ತು ಸೆಕೆಂಡಿನ ಮಾತು.

ಮ್ಯಾನೇಜರು ಆ ಲೆಕ್ಕ ಬದಿಗಿಟ್ಟು ಮಾಲೀಕರೊಡನೆ ಹರಟೆಗೆ ಕುಳಿತರು. "ಸಿದ್ಧಾರೂಢರ ಜಾತ್ರಿಗೆ ಎಷ್ಟ್ ಚೀಲ ಜಾಸ್ತಿ ಹುರೀತೀರಿ? ಮಳಿಗಾಲದಾಗ ಮಾಲು ಮೆತ್ತಗಾಗೂದಿಲ್ಲೇನ್ರಿ? ಗಿರ್ಮಿಟ್ ಅಂಗಡಿಯವ್ರು ರೊಕ್ಕ ಕೊಟ್ಟು ಒಯ್ತಾರೋ, ಉದ್ರಿಯೋ?" ಮಾಲೀಕರಿಗೂ ಮಾತು ಹತ್ತಿತು. ಶಿವರಾತ್ರಿಗೆ ಮೊದಲು ಭತ್ತ ತುಂಬಿಸಿಕೊಳ್ಳಲು ಒಮ್ಮೆಗೇ ರೊಕ್ಕ ಬೇಕು. ಉದ್ರಿ ಒಯ್ದವರು ಕೊಡುವುದು ವಾರದ ಮೇಲೆ. ಹದಿನೈದರಲ್ಲಿ ಆರು ಲಕ್ಷ, ಕೇಳಿ ಕೇಳಿ ಹೊರಬಿದ್ದದ್ದು, ಭಟ್ಟಿಗಲ್ಲ, ಮಗಳ ಮದುವೆಗೆ. ಇವನು ಈ ನಡುವೆ ಹೊಟ್ಟಿನ ಗುಡ್ಡೆಯ ಹತ್ತಿರ ಹೋಗಿ ನಿಂತಿದ್ದ. ದಿನಕ್ಕೆ ಅಷ್ಟು ಚೀಲ ಹುರಿಯುವುದು ನಿಜವಾದರೆ ಉರುವಲು ಇಷ್ಟೇ ಹೇಗೆ ಸಾಲುತ್ತದೆ ಎಂದು ಕೇಳಿದ. ಮಾಲೀಕರು ನಕ್ಕು, ವಾರಕ್ಕೆ ಎರಡು ದಿನ ಭಟ್ಟಿ ಆರಿಸಿರುತ್ತೇವೆ ಎಂದು ಒಪ್ಪಿದರು. ವಹಿವಾಟು 36ರಿಂದ ಕೆಳಗಿಳಿಯಿತು. ಕಡೆಗೆ ಸಾಲ ಮಂಜೂರಾಯಿತು, ಭಟ್ಟಿ ನಿಜವಾಗಿ ತಾಳುವಷ್ಟು.

ವಾಪಸು ಬರುವಾಗ ಮ್ಯಾನೇಜರು, "ಹೊಟ್ಟು ನೋಡೂದು ನಿಮಗ ಯಾರು ಕಲಿಸಿದ್ರಿ?" ಎಂದು ಕೇಳಿದರಂತೆ. ಆ ರಾತ್ರಿಯ ಫೋನಿನಲ್ಲಿ ಅವನ ದನಿಯೇ ಬೇರೆ. "ಅವರು ಹೇಳಿದ್ದರಾಗ ಎಷ್ಟ್ ಖರೆ, ಎಷ್ಟ್ ಸುಳ್ಳು ಅಂತ ಹುಡುಕೂದ್ರಾಗ ಭಾಳ ಮಜಾ ಐತಿ ಮಾಮಾ." ಪಿಎಸ್‌ಐ ಆಗಲು ಬಂದಿದ್ದ ಹುಡುಗ! ತನಿಖೆಯ ಹುಚ್ಚು ಅವನೊಳಗೆ ಮೊದಲಿನಿಂದಲೂ ಇತ್ತು. ಖಾಕಿ ಬಟ್ಟೆ ಬಿಟ್ಟರೆ ಅದಕ್ಕೆ ಬೇರೆ ಜಾಗವಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ಬುದ್ಧಿ ಹೇಳುತ್ತಿದ್ದ ನಮಗೂ ಗೊತ್ತಿರಲಿಲ್ಲ. ಕಾಕಾ ಅಂದಿದ್ದ "ಒಳಗ ಬಂದ ಮ್ಯಾಲೆ ಗೊತ್ತಾಗ್ತದ" ಇದೇ ಇರಬೇಕು.

ಅಲ್ಲಿಂದ ಅವನ ಓದು ಬದಲಾಯಿತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಆ್ಯಂಡ್ ಫೈನಾನ್ಸ್ ನಡೆಸುವ ಜೆಎಐಐಬಿ ಪರೀಕ್ಷೆಯ ನಾಲ್ಕು ಪತ್ರಿಕೆಗಳಿಗೆ ಕುಳಿತ. ಪಾಸಾದರೆ ಇನ್‌ಕ್ರಿಮೆಂಟು ಸಿಗುತ್ತದೆ, ಮುಂದೆ ಸಿಎಐಐಬಿ ಇದೆ. ಸಾಲ ಕೆಟ್ಟರೆ ಏನಾಗುತ್ತದೆಂಬುದೂ ಈಗ ಅವನಿಗೆ ಬಾಯಿಪಾಠ: ಕಂತು 90 ದಿನ ಬಾಕಿ ಬಿದ್ದರೆ ಅನುತ್ಪಾದಕ, ಅಲ್ಪಾವಧಿ ಬೆಳೆಸಾಲಕ್ಕೆ ಮಾತ್ರ ಎರಡು ಹಂಗಾಮಿನ ಸಮಯ. ಅವನ ಜೊತೆಗೆ ಸೇರಿದವರಲ್ಲಿ ಒಬ್ಬ ಕಂಪ್ಯೂಟರ್ ವಿಭಾಗಕ್ಕೆ ಹೋದ. ಒಬ್ಬಳು ವಿದೇಶಿ ವಿನಿಮಯ ಕಲಿತು ಮುಂಬೈಗೆ ಹೋಗುವ ಹಟದಲ್ಲಿದ್ದಾಳೆ. ಇನ್ನೊಬ್ಬ ರಾಜೀನಾಮೆ ಕೊಟ್ಟು ಮತ್ತೆ ಸಪ್ತಾಪುರಕ್ಕೆ ಬಂದಿದ್ದಾನೆ, ಕೆಎಎಸ್‌ಗೆ. ಹಾಗೆ ಬರುವವರಿಗೆ ಬಾಂಡಿನ ನೆನಪಿರಬೇಕು. ಸ್ಟೇಟ್ ಬ್ಯಾಂಕಿನ ಪಿಒಗಳು ಮೂರು ವರ್ಷ ಇರುತ್ತೇವೆಂದು 2 ಲಕ್ಷ ರೂಪಾಯಿಯ ಕರಾರು ಬರೆದುಕೊಡಬೇಕಾಗುತ್ತದೆ.

ಬ್ಯಾಂಕಿಗೆ ಹೋಗುವ ಬಾಗಿಲು ಇದೊಂದೇ ಅಲ್ಲವಾದ್ದರಿಂದ ಎರಡು ಮಾತು. ಅಪ್ರೆಂಟಿಸ್ ಆಗಿ ಒಂದು ವರ್ಷ ಕಲಿಯುವ ದಾರಿ ಈಗ ಜೋರಾಗಿದೆ. ಕೆನರಾ ಬ್ಯಾಂಕು 2024ರಲ್ಲಿ 3000 ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯಿತು, ಕರ್ನಾಟಕದ ಪಾಲು 600. ಪರೀಕ್ಷೆಯಿಲ್ಲ, ಪಿಯುಸಿ ಅಥವಾ ಡಿಪ್ಲೊಮಾ ಅಂಕದ ಮೇಲೆ ಆಯ್ಕೆ, ತಿಂಗಳಿಗೆ 15,000 ಭತ್ಯೆ. ಅದರಲ್ಲಿ 10,500 ಬ್ಯಾಂಕಿನದು, 4,500 ಸರ್ಕಾರದ್ದು. ವರ್ಷ ಮುಗಿದ ಮೇಲೆ ಕೆಲಸ ಕೊಡುವ ಭರವಸೆ ಮಾತ್ರ ಇಲ್ಲ. ಇದನ್ನು ಗೊತ್ತಿಟ್ಟುಕೊಂಡು, ಬ್ಯಾಂಕು ತನಗೆ ಒಗ್ಗುತ್ತದೋ ಇಲ್ಲವೋ ನೋಡೋಣ ಎಂದು ಹೋಗುವವರಿಗೆ ಒಳ್ಳೆಯದೇ. "ಬ್ಯಾಂಕಿನಾಗ ನೌಕರಿ ಹತ್ತೇತಿ" ಎಂದು ಕನ್ಯೆ ನೋಡಲು ಹೊರಡುವವರಿಗೆ ಕಷ್ಟ.

ಇನ್ನೊಂದು, ಮೊದಲು ದುಡ್ಡು ಕಟ್ಟಿ ಕಲಿಯುವ ದಾರಿ. ಕೆನರಾ ಬ್ಯಾಂಕು 2018ರಲ್ಲಿ 450 ಪಿಒಗಳನ್ನು ಮಣಿಪಾಲ ಮತ್ತು ನಿಟ್ಟೆ ಸಂಸ್ಥೆಗಳಲ್ಲಿ ಒಂದು ವರ್ಷದ ಡಿಪ್ಲೊಮಾ ಓದಿಸಿ ತೆಗೆದುಕೊಳ್ಳುವ ಯೋಜನೆ ತಂದಿತ್ತು, ಶುಲ್ಕ ಅಭ್ಯರ್ಥಿಯದೇ, ಮೂರೂವರೆ ಲಕ್ಷದ ಮೇಲೆ. ಖಾಸಗಿ ಬ್ಯಾಂಕುಗಳಲ್ಲಿ ಇದೇ ಮಾದರಿ ಹೆಚ್ಚು: ಆಯ್ಕೆ ಮಾಡುತ್ತಾರೆ, ಶುಲ್ಕಕ್ಕೆ ಸಾಲ ಕೊಡುತ್ತಾರೆ, ಕಲಿಸುತ್ತಾರೆ, ಕೆಲಸ ಕೊಡುತ್ತಾರೆ, ಸಂಬಳದಲ್ಲಿ ಕಂತು ಹಿಡಿಯುತ್ತಾರೆ. ಪಾಠ ಚೆನ್ನಾಗಿರಬಹುದು. ನನ್ನ ತಕರಾರು ಒಂದೇ. ಹೆಗಲ ಮೇಲೆ ಸಾಲ ಹೊತ್ತ ಹುಡುಗನಿಗೆ "ಇದು ನನಗಲ್ಲ" ಎಂದು ಹೇಳುವ ಧೈರ್ಯ ಬರುವುದಿಲ್ಲ. ಕ್ಯಾಶಿನ ಕಿಟಕಿಯಲ್ಲಿ ನಮ್ಮವನು ಆ ಮಾತು ಹೇಳಿಕೊಳ್ಳಲು ಆದದ್ದು ತಲೆಯ ಮೇಲೆ ಕಂತಿರಲಿಲ್ಲವಾದ್ದರಿಂದ. ಸೇಲ್ಸ್ ಟಾರ್ಗೆಟ್ಟಿನ ಕಾಟ ಸರ್ಕಾರಿ ಬ್ಯಾಂಕಿಗೂ ಬಂದಿದೆ, ಅದನ್ನು ಮುಚ್ಚಿಡುವುದೇಕೆ. ವಿಮೆ ಮಾರು, ಮ್ಯೂಚುವಲ್ ಫಂಡ್ ಮಾರು ಎಂಬ ಮೆಸೇಜು ಬೆಳಗಿನ ಚಹಾಕ್ಕೆ ಮೊದಲೇ ಬಂದು ಬೀಳುತ್ತದೆ.

ಪ್ರೊಬೇಷನ್ ಮುಗಿದ ಮೇಲೆ ಅವನಿಗೆ ಒಂದು ಹಳ್ಳಿಯ ಶಾಖೆ ಸಿಕ್ಕಿದೆ. ಮೇಲಿನ ದರ್ಜೆಗೆ ಹೋಗಬೇಕಾದರೆ ಗ್ರಾಮೀಣ ಸೇವೆ ಆಗಲೇಬೇಕು, ಆದ್ದರಿಂದ ಬೇಸರವಿಲ್ಲ. ಅಲ್ಲಿ ಸಣ್ಣ ಸಾಲಗಳ ಮೇಜು ಅವನದು: ಹಿಟ್ಟಿನ ಗಿರಣಿ, ಹೊಲಿಗೆ ಮಷೀನು, ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘ.

ಕಳೆದ ಎರಡನೇ ಶನಿವಾರ ಊರಿಗೆ ಹೋಗುವ ಮೊದಲು ಹುಬ್ಬಳ್ಳಿಯಲ್ಲಿ ಸಿಕ್ಕಿದ್ದ. ಸಂಜೆ, ಸಣ್ಣಗೆ ಜಿಟಿಜಿಟಿ ಮಳೆ, ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನಲು ನಿಂತೆವು. ಅಂಗಡಿಯಾತ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ನಮ್ಮವನ ಕಣ್ಣು ಗಾಡಿಯ ಹಿಂದೆ ಇಟ್ಟಿದ್ದ ಚುರುಮುರಿ ಚೀಲದ ಮೇಲೆ.

"ಇದು ಯಾವ ಭಟ್ಟಿ ಮಾಲ್ರಿ?"

ಆತ ಹೇಳಿದ.

"ದಿನಕ್ಕ ಎಷ್ಟ್ ಚೀಲ ಹೋಗ್ತಾವು? ರೊಕ್ಕ ಕೊಟ್ಟು ತರ್ತೀರೋ, ಉದ್ರಿ ಬಿಡ್ತಾರೋ?"

ಆತ ಚಾಕು ನಿಲ್ಲಿಸಿ ಇವನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ರೀ ಸರ, ಇನ್‌ಕಂ ಟ್ಯಾಕ್ಸ್‌ನವ್ರೇನು?"

"ಇಲ್ರೀ, ಹಂಗ ಕೇಳಿದೆ" ಎಂದು ಇವನು ನಕ್ಕ. ತಟ್ಟೆ ಕೈಗೆ ಬರುವ ಹೊತ್ತಿಗೆ ಅವನ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಏನನ್ನೋ ಮುನ್ನೂರರಿಂದ ಗುಣಿಸುತ್ತಿದ್ದ.